ಒಂಬತ್ತು ಬಲಗೈ ಗವಸು, ಒಗ್ಗರಣೆ ಇಲ್ಲದ ಸಾರು

ಮೊನ್ನೆ ಕೊಪ್ಪಳದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಪಿಟಿ ಶಿಕ್ಷಕರ ತರಬೇತಿಗೆ ನನ್ನನ್ನು ಕರೆದಿದ್ದರು. ನಿವೃತ್ತಳಾದ ಮೇಲೆ ನನ್ನನ್ನು ಜನ ಕರೆಯುವುದು ಒಂದೋ ಮದುವೆಗೆ, ಇಲ್ಲವೇ ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಎಂದು ಕೇಳುವುದಕ್ಕೆ. ಹಾಗಾಗಿ ಇಳಕಲ್ ಸೀರೆ ಉಟ್ಟು ಖುಷಿಯಿಂದಲೇ ಹೋದೆ. ಹೊಸ ಮಾಸ್ತರನೊಬ್ಬ ಎದ್ದು ನಿಂತು, "ಮೇಡಂ, ಗೆಲ್ಲೋ ತಂಡ ಕಟ್ಟೋದು ಹ್ಯಾಂಗ ಅಂತ ಎರಡು ಮಾತು ಹೇಳ್ರಿ" ಅಂದ.

"ತಮ್ಮಾ, ನೀ ತಪ್ಪು ಅಂಗಡಿಗೆ ಬಂದಿ. ನನ್ನ ಹತ್ರ ಬರೇ ಸೋಲು ಸಿಗತೈತಿ. ಬೇಕಂದ್ರ ಎಷ್ಟು ಬೇಕಾದ್ರೂ ಕೊಡ್ತೀನಿ" ಅಂದೆ. ಎಲ್ಲರೂ ನಕ್ಕರು. ನಾನು ನಗಿಸಲು ಹೇಳಿರಲಿಲ್ಲ. ಮಾತಾಡಲು ಕೊಟ್ಟ ಹದಿನೈದು ನಿಮಿಷದಲ್ಲಿ ಎಂಟು ನಿಮಿಷ ಮೈಕು ಕೆಟ್ಟಿತ್ತು. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಬಡ್ಡಿ, ಖೋಖೋ ವಿಷಯ ನಿಮಗೆ ಯಾರಾದರೂ ಹೇಳುತ್ತಾರೆ. ನಾನು ಬೇಸ್‌ಬಾಲ್ ವಿಷಯ ಹೇಳುತ್ತೇನೆ, ಏಕೆಂದರೆ ನನ್ನ ಮಾನ ಹೋದದ್ದು ಅಲ್ಲಿಯೇ.

ನಮ್ಮದು ಇರಕಲ್ಲಗಡದ ಆಚೆಗಿನ ಒಂದು ಹಳ್ಳಿಯ ಹೈಸ್ಕೂಲು. ಎಂಟು, ಒಂಬತ್ತು, ಹತ್ತು, ಮೂರೇ ತರಗತಿ. ನನ್ನ ನಿವೃತ್ತಿಗೆ ಇನ್ನು ಮೂರು ವರ್ಷ ಇದೆ ಅನ್ನುವಾಗ ಮೇಲಿನಿಂದ ಒಂದು ದೊಡ್ಡ ಪೆಟ್ಟಿಗೆ ಬಂತು. ಒಳಗೆ ಎರಡು ಬ್ಯಾಟು, ಒಂದಿಷ್ಟು ಚೆಂಡು, ಒಂಬತ್ತು ಚರ್ಮದ ಗವಸು. ಜೊತೆಗೆ, ಹುಡುಗಿಯರ ಬೇಸ್‌ಬಾಲ್ ತಂಡ ಕಟ್ಟತಕ್ಕದ್ದು ಎಂಬ ಆದೇಶ. ಬ್ಯಾಟು ನೋಡಿದ ಹೆಡ್ ಮಾಸ್ತರು, "ಇದೇನ್ರಿ ಇದು, ಶ್ಯಾವಿಗಿ ಲಟ್ಟಣಿಗಿ ಇದ್ದಂಗ ಐತಿ" ಅಂದರು. ನನಗೂ ಹೆಚ್ಚಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ.

ಗವಸುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಒಂಬತ್ತೂ ಎಡಗೈಯವು! ಬಲಗೈಯದು ಒಂದೂ ಇಲ್ಲ. ಚಪ್ಪಲಿ ಅಂಗಡಿಯಲ್ಲಿ ಬರೀ ಎಡಗಾಲಿನವು ಕೊಟ್ಟರೆ ಸುಮ್ಮನಿರುತ್ತೀರಾ? ಸಿಟ್ಟು ನೆತ್ತಿಗೇರಿತು. ಕೂತಲ್ಲೇ ಪತ್ರ ಬರೆದೆ. "ಎಡಗೈ ಗವಸುಗಳು ಮಾತ್ರ ಬಂದಿದ್ದು, ಜೋಡಿಯಾಗಬೇಕಾದ ಒಂಬತ್ತು ಬಲಗೈ ಗವಸುಗಳು ಬಂದಿರುವುದಿಲ್ಲ. ಕೂಡಲೇ ಕಳಿಸಿ ಮಕ್ಕಳ ಹಿತ ಕಾಪಾಡಬೇಕು." ಹೆಡ್ ಮಾಸ್ತರು ಓದಿ, "ಭಾಳ ಛಲೋ ಬರದೀರಿ, ಖಡಕ್ ಐತಿ" ಎಂದು ರುಜು ಹಾಕಿದರು. ಪತ್ರ ಹೋಯಿತು.

ಅದೇ ವರ್ಷ ಕೊಪ್ಪಳದ ಮೈದಾನದಲ್ಲಿ ಗಂಗಾವತಿ ತಂಡದ ಎದುರು ನಮ್ಮ ಮೊದಲ ಪಂದ್ಯ. ಆಟ ಶುರುವಾಗುವ ಮೊದಲು ಕುಕನೂರಿನ ಕಡೆಯ ಪಿಟಿ ಮಾಸ್ತರರೊಬ್ಬರ ಹತ್ತಿರ ನನ್ನ ಪತ್ರದ ಪ್ರತಾಪ ಹೇಳಿಕೊಂಡೆ. ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, "ಅಕ್ಕಾರ, ಎರಡೂ ಕೈಗೆ ಗವಸು ಹಾಕ್ಕೊಂಡ್ರ ಚೆಂಡು ಎಸಿಯೋದು ಯಾವ ಕೈಲೆರಿ?" ಅಂದರು. ಒಂದು ಕೈಗೆ ಗವಸು, ಅದು ಹಿಡಿಯುವುದಕ್ಕೆ. ಇನ್ನೊಂದು ಕೈ ಬರಿದು, ಅದು ಎಸೆಯುವುದಕ್ಕೆ. ಅಯ್ಯೋ ಶಿವನೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಪಂದ್ಯದಲ್ಲಿ ಗಂಗಾವತಿಯವರು ಇಪ್ಪತ್ತಮೂರು ಓಟ ಗಳಿಸಿದರು, ನಾವು ಒಂದೂ ಇಲ್ಲ. ನನಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಆ ಪತ್ರ ದಾರಿಯಲ್ಲೇ ಕಳೆದು ಹೋಗಲಿ ಎಂದು ಹುಲಿಗೆಮ್ಮನಿಗೆ ಹರಕೆ ಹೊರುತ್ತಾ ಕೂತಿದ್ದೆ.

ಸೋತ ಹುಡುಗಿಯರು ಟಂಟಂ ಆಟೋದಲ್ಲಿ ಊರಿಗೆ ಬರುವಾಗ ಅಳಲು ಹತ್ತಿದರು. ಹನ್ನೆರಡು ಹುಡುಗಿಯರು ಒಂದೇ ದನಿಯಲ್ಲಿ ಅತ್ತರೆ ಹೇಗಿರುತ್ತದೆ ನೋಡಿ. ಊರ ಅಗಸಿ ಬಾಗಿಲಲ್ಲಿ ಕೂತಿದ್ದ ಹೆಂಗಸರು ಆ ದನಿ ಕೇಳಿ ಯಾರೋ ಹೋಗಿಬಿಟ್ಟಿದ್ದಾರೆ ಎಂದುಕೊಂಡರು. ಟಂಟಂ ಶಾಲೆ ಮುಟ್ಟುವುದರೊಳಗೆ ಊರಿಗೆಲ್ಲ ಸುದ್ದಿ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರೇ ಅಡುಗೆ ಮಾಡಿ ಒಯ್ಯುತ್ತಾರೆ. ಸಾರಿಗೆ ಒಗ್ಗರಣೆ ಮಾತ್ರ ಹಾಕುವುದಿಲ್ಲ. ಸತ್ತವರು ಯಾರು ಎಂದು ವಿಚಾರಿಸುವ ಮೊದಲೇ ನಾಲ್ಕು ಮನೆಯಲ್ಲಿ ಸಾರು ಕುದಿದಿತ್ತು. ಬುಟ್ಟಿ ತುಂಬ ರೊಟ್ಟಿ ಹೊತ್ತು ಬಂದವರಿಗೆ ನಾನು, "ಯಾರೂ ಸತ್ತಿಲ್ರವ್ವಾ, ಆಟ ಸೋತೀವಿ" ಅಂದೆ.

"ಹಂಗಾರ ಮಾಡಿದ್ದನ್ನ ಹೊಳ್ಳಿ ಒಯ್ಯಾಕ ಬರತೈತೇನು? ಕುಂಡ್ರಿ, ಉಣ್ರಿ" ಅಂದಳು ಗಂಗವ್ವ. ಇವಳು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಹೆಡ್ ಮಾಸ್ತರರಿಗೆ ಹೆದರದವರೂ ಗಂಗವ್ವನ ಸೌಟಿಗೆ ಹೆದರುತ್ತಿದ್ದರು.

ಅಂದಿನಿಂದ ಅದೇ ಪದ್ಧತಿ ಬಿದ್ದುಹೋಯಿತು. ನಾವು ಸೋಲುವುದು, ಊರವರು ಮಾತಾಡಿಸಲು ಬರುವುದು. ಸೆರಗು ಬಾಯಿಗೆ ಒತ್ತಿಕೊಂಡು ಬಂದು ಕೂತು, "ಎಷ್ಟರಾಗ ಹೋತ್ರಿ?" "ಹದಿನೆಂಟರಾಗ ಹೋತವ್ವ." "ಭಾಳ ತ್ರಾಸ ಆತೇನ್ರಿ ಕಡೀಕ?" "ಇಲ್ಲವ್ವ, ಮೊದಲಿಗೇ ಜೀವ ಹೋಗಿತ್ತು." ಹೀಗೆ. ಕುಷ್ಟಗಿಯಲ್ಲಿ ಸೋತಾಗ ಬದನೆಕಾಯಿ ಪಲ್ಯ ಬಂತು, ಯಲಬುರ್ಗಾದಲ್ಲಿ ಸೋತಾಗ ಝುಣಕ. ಒಗ್ಗರಣೆ ಇಲ್ಲದ ಸಾರಂತೂ ತಪ್ಪಲೇ ಇಲ್ಲ. ಸೋತು ಸೋತು ನನ್ನ ಹುಡುಗಿಯರು ಗುಂಡಗುಂಡಗೆ ಆದರು.

ನಗಬೇಡಿ. ಆ ಪದ್ಧತಿಯಿಂದ ನಾನು ಕಲಿತದ್ದು ಯಾವ ತರಬೇತಿಯಲ್ಲೂ ಸಿಕ್ಕಿಲ್ಲ. ಒಂದು ಸಲ ಪಂದ್ಯ ಮುಗಿದು ನಾಲ್ಕು ದಿನವಾದರೂ ಹುಡುಗಿಯರು ಮೈದಾನಕ್ಕೆ ಬರದೆ ಬೇವಿನ ಗಿಡದ ಕೆಳಗೆ ಮುಖ ಇಳಿಬಿಟ್ಟುಕೊಂಡು ಕೂತಿದ್ದರು. ಗಂಗವ್ವ ಸೌಟು ಹಿಡಿದೇ ಹೊರಗೆ ಬಂದಳು. "ಸತ್ತೋರ ಮನ್ಯಾಗೂ ಮೂರು ದಿನಕ್ಕ ಎದ್ದು ಮುಖ ತೊಳಕೋತಾರ. ನಿಮ್ಮದೇನು ಜಗತ್ತಿನಾಗ ಇಲ್ಲದ ಸಾವು? ಏಳ್ರಿ ಮ್ಯಾಲ!" ಎದ್ದರು. ಅಂದಿನಿಂದ ನಮ್ಮಲ್ಲಿ ಅದು ಕಾನೂನಾಯಿತು: ಸೋತ ಮೇಲೆ ಮೂರು ದಿನ ಅಳಬಹುದು, ಬೈಯಬಹುದು, ಗಂಗಾವತಿಯವರಿಗೆ ಶಾಪ ಹಾಕಬಹುದು. ನಾಲ್ಕನೆಯ ದಿನ ಚೆಂಡು ಹಿಡಿಯಲೇಬೇಕು. ಮನೋಬಲದ ಬಗ್ಗೆ ಭಾಷಣ ಮಾಡಲು ಒಬ್ಬರು ಬಂದು, ಕಣ್ಣು ಮುಚ್ಚಿ ಗೆಲುವನ್ನು ಕಲ್ಪಿಸಿಕೊಳ್ಳಿ ಎಂದು ಹೇಳಿದ್ದರು. ಮೂವರು ನಿದ್ದೆ ಹೋದರು. ಒಬ್ಬಳು ತನಗೆ ಗೆಲುವು ಕಂಡಿತು, ಆದರೆ ಗೆದ್ದವರು ಗಂಗಾವತಿಯವರು ಅಂದಳು.

ಹೆಡ್ ಮಾಸ್ತರರದು ಬೇರೆ ದಾರಿ. ಪ್ರತಿ ಸೋಲಿಗೂ ಲಿಖಿತ ಕಾರಣ ಬೇಕು, ಮೂರು ಪ್ರತಿ. ಮೊದಲ ಸಲ, "ಎದುರಾಳಿಗಳು ಹೆಚ್ಚು ಓಟ ಗಳಿಸಿದ್ದರಿಂದ" ಎಂದು ಬರೆದೆ. ಕಾರಣ ಸ್ಪಷ್ಟವಿಲ್ಲ ಎಂದು ವಾಪಸ್ ಬಂತು. ಎರಡನೆಯ ಸಲ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದು ಬರೆದೆ. "ಸೂರ್ಯನ ಮೇಲೆ ಕ್ರಮ ತಗೊಳ್ಳಾಕ ನನಗ ಅಧಿಕಾರ ಇಲ್ರಿ. ಕ್ರಮ ತಗೊಳ್ಳೂವಂಥ ಕಾರಣ ಕೊಡ್ರಿ" ಅಂದರು. ಅವರು ಕೆಟ್ಟವರಲ್ಲ. ಕಾಗದ ಇಲ್ಲದೆ ಅವರಿಗೆ ದುಃಖಪಡಲು ಬರುತ್ತಿರಲಿಲ್ಲ, ಅಷ್ಟೇ.

ಎರಡನೆಯ ವರ್ಷದ ನಡುವೆ ಒಂದು ದಿನ ಮತ್ತೊಂದು ಪೆಟ್ಟಿಗೆ ಬಂತು. ಹುಲಿಗೆಮ್ಮ ನನ್ನ ಹರಕೆ ಕೇಳಿರಲಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಬಲಗೈ ಗವಸು, ಒಂಬತ್ತು. ಹೆಡ್ ಮಾಸ್ತರು ಅಂದು ರಜೆ. ನಾನು ಆಚೆ ಈಚೆ ನೋಡಿ, ಪೆಟ್ಟಿಗೆಯನ್ನು ಎಳೆದುಕೊಂಡು ಹೋಗಿ ಸ್ಟೋರ್ ರೂಮಿನಲ್ಲಿ ಮುರುಕು ಬೆಂಚುಗಳ ಕೆಳಗೆ ತುರುಕಿ, ಮೇಲೆ ಹಳೆಯ ಭೂಪಟ ಹೊದಿಸಿದೆ. ಯಾರಿಗೆ ಬೇಕಿತ್ತು ಆ ಗವಸು? ಎಡಗೈಯಿಂದ ಎಸೆಯುವವರಿಗೆ ಬಲಗೈ ಗವಸು ಬೇಕಾಗುತ್ತದೆ ಎಂಬ ಮಾತು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ನಮ್ಮ ಶಾಲೆಯಲ್ಲಿ ಎಡಚರೇ ಇರಲಿಲ್ಲ. ಎಡಗೈ ಚಾಚಿದವರಿಗೆ ಗಂಗವ್ವ ತತ್ತಿ ಕೊಡುತ್ತಿರಲಿಲ್ಲ, ಕೈಮೇಲೆ ಸೌಟಿನ ಪೆಟ್ಟು ಕೊಡುತ್ತಿದ್ದಳು. ಎಡಗೈಯಲ್ಲಿ ಬರೆದರೆ ಮಾಸ್ತರರು ಬಿಡುತ್ತಿರಲಿಲ್ಲ. ಎಡಗೈಯಲ್ಲಿ ಎಸೆದರೆ ನಾನು ಬಿಡುತ್ತಿರಲಿಲ್ಲ.

ಇನ್ನು ನೀಲವ್ವನ ವಿಷಯ. ನಾನು ಬರೆಯಲು ಕೂತದ್ದೇ ಅವಳಿಗಾಗಿ. ಎಂಟನೆಯ ತರಗತಿಯಿಂದ ನಮ್ಮ ತಂಡದ ಚೆಂಡು ಎಸೆಯುವವಳು. ಓದಿನಲ್ಲಿ ಅಷ್ಟಕ್ಕಷ್ಟೇ. ಅವಳ ಅವ್ವ ನನಗೆ ನೇರವಾಗಿ ಹೇಳಿದ್ದಳು, "ಆಟ ಐತಿ ಅಂತ ಸಾಲಿಗಿ ಬರತಾಳ್ರಿ ಅಕ್ಕಾರ. ಆಟ ನಿಂತ್ರ ಕ್ರಾಸಿಂಗ್‌ಗೆ ಹೊಕ್ಕಾಳ." ಬೀಜದ ಹತ್ತಿಯ ಹೊಲದಲ್ಲಿ ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ತಿಕ್ಕುವ ಕೂಲಿ ಅದು. ಒಂದು ಸಲ ಆ ಸಾಲು ಹಿಡಿದ ಹುಡುಗಿ ಶಾಲೆಗೆ ತಿರುಗಿ ಬಂದದ್ದನ್ನು ನಾನು ನೋಡಿಲ್ಲ.

ಅವಳು ಹತ್ತನೆಯ ತರಗತಿಗೆ ಬಂದ ವರ್ಷ ಅವಳ ಕೈಯ ಗುರಿ ಪೂರಾ ಕೆಟ್ಟುಹೋಯಿತು. ಈ ಆಟದಲ್ಲಿ ನಾಲ್ಕು ಚೆಂಡು ದಾರಿ ತಪ್ಪಿದರೆ ಬ್ಯಾಟು ಹಿಡಿದವಳು ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದು ಹೋಗುತ್ತಾಳೆ. ಗಂಗಾವತಿಯವರು ಅದನ್ನು ಕಂಡುಹಿಡಿದುಬಿಟ್ಟರು. ಬ್ಯಾಟು ಎತ್ತುವುದೇ ಬೇಡ, ಸುಮ್ಮನೆ ನಿಂತರೆ ಸಾಕು. ಒಬ್ಬರ ಹಿಂದೊಬ್ಬರು ಹನ್ನೊಂದು ಸಲ, ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದ ಹಾಗೆ, ಬೇಸುಗಳನ್ನು ಸುತ್ತಿ ಬಂದರು. ನಾನು ಗೆರೆಯ ಆಚೆಯಿಂದ, "ನೀಲಿ, ತೋಳು ಸಡಿಲ ಬಿಡು! ಮೊಣಕೈ ಮ್ಯಾಲೆತ್ತು!" ಎಂದು ಒದರಿದ್ದೇ ಒದರಿದ್ದು. ಮೂರು ದಿನದ ಅಳು ಮುಗಿಸಿದೆವು, ದೃಷ್ಟಿ ತೆಗೆದೆವು, ಅಂಗಿ ತಿರುವಿ ಹಾಕಿಕೊಂಡು ಆಡಿದೆವು, ಬ್ಯಾಟಿಗೆ ನಿಂಬೆಹಣ್ಣು ಕಟ್ಟಿದೆವು. ನಿಂಬೆಹಣ್ಣನ್ನು ಅಂಪೈರು ಬಿಚ್ಚಿಸಿದರು. ಯಾವುದರಿಂದಲೂ ಉಪಯೋಗವಾಗಲಿಲ್ಲ.

ಆಗ ಹೆಡ್ ಮಾಸ್ತರು ನನ್ನನ್ನು ಕರೆದು, "ನೋಡ್ರಿ, ಇನ್ನೊಂದು ಪಂದ್ಯ ಐತಿ. ಅದೂ ಹೋತಂದ್ರ ಈ ಪೆಟ್ಟಿಗಿ ಸಿದ್ದಾಪುರದ ಕಡೆ ಯಾವುದಾರ ಸಾಲಿಗಿ ಕೊಟ್ಟುಬಿಡೋಣ. ನನಗ ಕಾರಣ ಓದಿ ಸಾಕಾಗೈತಿ" ಅಂದರು. ಬಾಗಿಲ ಹೊರಗೆ ನಿಂತಿದ್ದ ನೀಲವ್ವ ಅದನ್ನು ಕೇಳಿಸಿಕೊಂಡಳು. ಮರುದಿನದಿಂದ ಶಾಲೆಗೆ ಬರಲಿಲ್ಲ.

ಮೂರು ದಿನ ಕಾದೆ. ಕಾನೂನು ಕಾನೂನೇ. ನಾಲ್ಕನೆಯ ದಿನ ಮುಂಜಾನೆ ಅವಳ ಮನೆಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಾ, "ಹೊಲದಾಗ ಅದಾಳ್ರಿ, ಸಜ್ಜಿ ಕಾಯಾಕ ಹೋಗ್ಯಾಳ. ಸ್ವಾಮಾರದಿಂದ ಕ್ರಾಸಿಂಗ್‌ಗೆ ಹಚ್ಚತೀವಿ" ಅಂದಳು. ಅಂದು ಗುರುವಾರ, ಸೋಮವಾರಕ್ಕೆ ನಾಲ್ಕೇ ದಿನ. ಪಂದ್ಯ ಇದ್ದದ್ದು ಶನಿವಾರ.

ಹೊಲದ ನಡುವೆ ನಾಲ್ಕು ಗೂಟದ ಮೇಲೆ ಅಟ್ಟ. ಅದರ ಮೇಲೆ ನೀಲವ್ವ ನಿಂತು ಕವಣೆ ಬೀಸುತ್ತಿದ್ದಳು. ಸಜ್ಜೆಯ ತೆನೆಗೆ ಗುಬ್ಬಿಯ ಹಿಂಡು ಇಳಿದಿತ್ತು. ಕವಣೆಯ ಕಲ್ಲು ಹಿಂಡಿನ ನಟ್ಟನಡುವೆ ಹೋಗಿ ಬಿತ್ತು. ಹಕ್ಕಿಗಳು ಎದ್ದು ಆ ಮೂಲೆಗೆ ಹೋದವು. ಇನ್ನೊಂದು ಕಲ್ಲು ಅಲ್ಲಿಗೇ ಬಿತ್ತು. ಆಮೇಲೆ ಅವಳು ಕವಣೆ ಬಿಟ್ಟು, ಬರಿಗೈಯಿಂದ ಒಂದು ಕಲ್ಲು ಎಸೆದಳು. ಬದುವಿನ ಜಾಲಿ ಗಿಡದ ಕೊಂಬೆಗೆ ಕಟ್ಟಿದ್ದ ಡಬ್ಬಿ ಠಣ್ ಅಂದಿತು. ಮತ್ತೆ ಎಸೆದಳು, ಮತ್ತೆ ಠಣ್. ಹನ್ನೊಂದು ಸಲ ಪ್ರದಕ್ಷಿಣೆ ಮಾಡಿಸಿದ ಹುಡುಗಿ ಇವಳೇ ಏನು? ನಾನು ಬಾಯಿ ತೆರೆದು ನಿಂತೆ. ಆಮೇಲೆ ನನಗೆ ಕಂಡಿತು. ಅವಳು ಎಸೆಯುತ್ತಿದ್ದದ್ದು ಎಡಗೈಯಿಂದ.

"ಯಾಕ ನೀಲಿ, ಎಡಗೈಲೆ ಎಸೀತಿ?" ಅಂದೆ.

ಅವಳು ಬೆಚ್ಚಿ ಎಡಗೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. "ತಪ್ಪಾತ್ರಿ ಅಕ್ಕಾರ. ಇಲ್ಲಿ ಯಾರೂ ನೋಡಂಗಿಲ್ಲಲ್ರಿ. ಹಕ್ಕಿಗೇನು ಎಡಗೈ ಬಲಗೈ ಗೊತ್ತೈತೇನ್ರಿ?"

"ಮೈದಾನದಾಗ ಯಾಕ ಹಿಂಗ ಎಸೀಲಿಲ್ಲ?"

"ಮೊದಲನೇ ದಿನ ಎಸದಿದ್ನಲ್ರಿ. ನೀವ ಕೈಮ್ಯಾಲ ಹೊಡದು, ಬಲಗೈಲೆ ಎಸಿ ಅಂದ್ರಿ. ಗವಸೂ ಎಡಗೈದ ಇದ್ವು."

ನನಗೆ ಆ ಪೆಟ್ಟು ನೆನಪೇ ಇರಲಿಲ್ಲ. ಅವಳಿಗೆ ಇತ್ತು. ಸಜ್ಜೆ ಹೊಲದಲ್ಲಿ ನಿಂತು, ಅರವತ್ತರ ಹತ್ತಿರದ ಹೆಂಗಸು, ನಾನು ಅತ್ತುಬಿಟ್ಟೆ. ಮೂರು ವರ್ಷದ ಸೋಲಿಗೆ ಬಿಸಿಲು, ಗಾಳಿ, ದೃಷ್ಟಿ ಎಂದು ಮೂರು ಪ್ರತಿಯಲ್ಲಿ ಕಾರಣ ಬರೆದೆನಲ್ಲ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕುಣಿಯಬಲ್ಲವಳ ಕಾಲು ಕಟ್ಟಿ ನೆಲ ಡೊಂಕು ಅಂದಿದ್ದೆ. ನೀಲವ್ವ ಅಟ್ಟದಿಂದ ಇಳಿದು ಬಂದು, "ಅಳಬ್ಯಾಡ್ರಿ ಅಕ್ಕಾರ, ಮೂರು ದಿನ ಮುಗದಾವು" ಅಂದಳು.

ಅವಳನ್ನು ಕರೆದುಕೊಂಡು ನೇರ ಶಾಲೆಗೆ ಬಂದೆ. ಸ್ಟೋರ್ ರೂಮಿನ ಬೆಂಚು ಸರಿಸಿ, ಭೂಪಟ ಎತ್ತಿ, ಪೆಟ್ಟಿಗೆಯನ್ನು ಹೆಡ್ ಮಾಸ್ತರರ ಟೇಬಲ್ಲಿನ ಮುಂದೆ ಎಳೆದು ತಂದು ನಿಲ್ಲಿಸಿದೆ. ಎಲ್ಲ ಮಾಸ್ತರರೂ ಅಲ್ಲೇ ಚಹಾ ಕುಡಿಯುತ್ತಿದ್ದರು. ಹೆಡ್ ಮಾಸ್ತರು ಮೇಲಿನ ಅಕ್ಷರ ಓದಿದರು.

"ಇದು ಯಾವಾಗ ಬಂತ್ರಿ?"

"ಒಂದು ವರ್ಷದ ಮ್ಯಾಲಾತ್ರಿ."

"ಎಲ್ಲಿತ್ತು?"

"ಮುರುಕು ಬೆಂಚಿನ ಕೆಳಗ, ನಾನ ಮುಚ್ಚಿಟ್ಟಿದ್ದೆರಿ. ಬುದ್ಧಿಗೇಡಿ ಪತ್ರ ಬರದಾಳ ಅಂತ ಜನ ನಗತಾರ ಅಂತ."

ಅವರು ಕನ್ನಡಕ ತೆಗೆದು ಒರೆಸಿದರು. "ವಿವರಣೆ ಬರೆದು ಕೊಡ್ರಿ. ಮೂರು ಪ್ರತಿ" ಅಂದರು.

ಪೆಟ್ಟಿಗೆ ಬಿಚ್ಚಿದರೆ ಎಂಟು ಗವಸುಗಳನ್ನು ಇಲಿ ತಿಂದಿದ್ದವು. ಒಂದು ಮಾತ್ರ ಉಳಿದಿತ್ತು, ಅದರಲ್ಲೂ ತೋರುಬೆರಳಿನ ಜಾಗದಲ್ಲಿ ತೂತು. ನೀಲವ್ವ ಅದನ್ನು ಬಲಗೈಗೆ ಹಾಕಿಕೊಂಡು, ಎಡಗೈಯಲ್ಲಿ ಚೆಂಡು ಹಿಡಿದು, ನನ್ನ ಮುಖ ನೋಡಿದಳು. "ಎಸಿಯವ್ವ" ಅಂದೆ. ಚೆಂಡು ಹಿಡಿಯಲು ಕೂತಿದ್ದ ಹುಡುಗಿ ಹಿಂದಕ್ಕೆ ಉರುಳಿ ಬಿದ್ದಳು.

ಶನಿವಾರ ಕೊಪ್ಪಳದಲ್ಲಿ ಎದುರಿಗೆ ಅದೇ ಗಂಗಾವತಿ. ಅವರು ಮೊದಲಿನ ಹಾಗೆ ಬ್ಯಾಟು ಎತ್ತದೆ ಸುಮ್ಮನೆ ನಿಂತರು. ಈ ಸಲ ಚೆಂಡು ದಾರಿ ತಪ್ಪಲಿಲ್ಲ. ದಾರಿಯಲ್ಲಿ ಬಂದ ಮೂರು ಚೆಂಡು ಬಿಟ್ಟವಳು ಔಟು. ಮೂವರು ನಿಂತಲ್ಲೇ ಔಟಾದರು. ಆಮೇಲೆ ಬ್ಯಾಟು ಎತ್ತಲು ಶುರು ಮಾಡಿದರು. ಆದರೆ ಬಲಗಡೆಯಿಂದ ಬರುವ ಚೆಂಡಿಗೆ ಕಾದು ನಿಂತವರಿಗೆ ಅದು ಎಡಗಡೆಯಿಂದ ಬರುತ್ತಿತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರು. ನಮ್ಮವರಿಗೂ ಹೊಡೆಯಲು ಬರುತ್ತಿರಲಿಲ್ಲ, ಅದು ಬೇರೆ ಮಾತು. ನಾಲ್ಕು ಸರದಿ ಮುಗಿದರೂ ಎರಡೂ ಕಡೆ ಸೊನ್ನೆ.

ಕೊನೆಯ ಸರದಿಗೆ ನಾನು ಹುಡುಗಿಯರನ್ನು ಕೂಡಿಸಿಕೊಂಡು, "ಯಾರೂ ಬ್ಯಾಟು ಎತ್ತಬ್ಯಾಡ್ರಿ. ಸುಮ್ಮ ನಿಂದರ್ರಿ" ಅಂದೆ. ಅವರು ನಮಗೆ ಕಲಿಸಿದ ಪಾಠವೇ. ಗಂಗಾವತಿಯ ಹುಡುಗಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಎಸೆದ ಚೆಂಡು ಎಲ್ಲಿ ದಾರಿ ಹಿಡಿಯುತ್ತದೆ? ಒಬ್ಬಳು ನಡೆದಳು, ಇನ್ನೊಬ್ಬಳು ನಡೆದಳು, ಮೂರನೆಯವಳೂ ನಡೆದಳು. ನಾಲ್ಕನೆಯವಳು ನಡೆದಾಗ ಜಾಗ ಸಾಲದೆ ಮೊದಲನೆಯವಳು ಕೊನೆಯ ಬೇಸಿಗೆ ಬಂದು ಮುಟ್ಟಿದಳು. ಮೂರು ವರ್ಷದಲ್ಲಿ ನಮ್ಮ ಮೊದಲ ಓಟ. ಅದನ್ನು ಓಡಲಿಲ್ಲ, ನಡೆದುಕೊಂಡು ಬಂದೆವು.

ಆಮೇಲೆ ಗಂಗಾವತಿಯವರ ಕೊನೆಯ ಸರದಿ. ಇಬ್ಬರು ಔಟು, ಒಬ್ಬಳು ಮೂರನೆಯ ಬೇಸಿನಲ್ಲಿ. ಇನ್ನೊಬ್ಬಳನ್ನು ಔಟು ಮಾಡಿದರೆ ಮುಗಿಯಿತು. ಅವರ ಗಟ್ಟಿಗಿತ್ತಿಯೊಬ್ಬಳು ಬೀಸಿದ ಚೆಂಡು ನೇರ ನೀಲವ್ವನ ಎದೆಗೇ ಬಂತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ನೀಲವ್ವ ಕೂತುಬಿಟ್ಟಿದ್ದಳು, ಚೆಂಡು ಗವಸಿನೊಳಗೆ ಇತ್ತು. ತೂತಿನಿಂದ ಹೊರಗೆ ಬಂದಿದ್ದ ಅವಳ ಬಲಗೈ ಬೆರಳು ಆಗಲೇ ಬಾತುಕೊಳ್ಳುತ್ತಿತ್ತು. ನಾವು ಗೆದ್ದಿದ್ದೆವು. ಗೆದ್ದಾಗ ಏನು ಮಾಡಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ರೂಢಿಯ ಪ್ರಕಾರ ಎಲ್ಲರೂ ಅತ್ತರು.

ಟಂಟಂನಲ್ಲೂ ಅಳುತ್ತಲೇ ಬಂದೆವು. ಅಗಸಿ ಬಾಗಿಲಲ್ಲಿ ಆ ದನಿ ಕೇಳಿದ ಊರವರು ಎಂದಿನಂತೆ ಬುಟ್ಟಿ, ಬೋಗುಣಿ ಹೊತ್ತು ಶಾಲೆಗೆ ಬಂದರು. ನೀಲವ್ವನ ಅವ್ವ ಸೆರಗು ಬಾಯಿಗೆ ಒತ್ತಿಕೊಂಡೇ ಬಂದಳು. ಗಂಗವ್ವ ಸಾರಿನ ಬೋಗುಣಿ ಇಳಿಸಿ, "ಎಷ್ಟರಾಗ ಹೋತ್ರಿ?" ಅಂದಳು.

"ಹೋಗಿಲ್ಲವ್ವ, ಗೆದ್ದೀವಿ" ಅಂದೆ.

ಗಂಗವ್ವ ಬೋಗುಣಿ ನೋಡಿದಳು, ನನ್ನನ್ನು ನೋಡಿದಳು. "ಮೊದಲ ಹೇಳಾಕ ಬರಂಗಿಲ್ಲೇನ್ರಿ ನಿಮಗ!" ಎಂದು ನನ್ನನ್ನೇ ಬೈದು, ಬೋಗುಣಿ ಎತ್ತಿಕೊಂಡು ಅಡುಗೆ ಕೋಣೆಗೆ ಓಡಿದಳು. ಎಣ್ಣೆ ಕಾದ ಸದ್ದು, ಸಾಸಿವೆ ಸಿಡಿದ ಸದ್ದು ಕೇಳಿತು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಮೈದಾನದ ತುಂಬ ಹರಡಿತು. ಆ ವಾಸನೆಗೆ ಹೆಡ್ ಮಾಸ್ತರು ಹೊರಗೆ ಬಂದರು. ಸುದ್ದಿ ಕೇಳಿ, ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗಿಟ್ಟು, "ಗೆದ್ದಿದ್ದಕ್ಕ ಕಾರಣ ಬರೆದು ಕೊಡ್ರಿ" ಅಂದರು. "ಈ ಸಲ ಒಂದ ಪ್ರತಿ ಸಾಕು. ಪೆಟ್ಟಿಗಿ ಇಲ್ಲೇ ಇರಲಿ."

ಹೊಸದಾಗಿ ಕೆಲಸಕ್ಕೆ ಸೇರಿದ ನನ್ನ ತಮ್ಮಂದಿರೇ, ತಂಗಿಯರೇ, ಆ ಕಾಗದದಲ್ಲಿ ನಾನು ಬರೆದದ್ದು ಎರಡೇ ಸಾಲು. ಹುಡುಗಿ ಎಡಚಿ. ತಪ್ಪು ನನ್ನದು.

ಎಲ್ಲರೂ ಸಾಲಾಗಿ ಊಟಕ್ಕೆ ಕೂತರು. ಗಂಗವ್ವ ರೊಟ್ಟಿ ಹಂಚುತ್ತಾ ನೀಲವ್ವನ ಮುಂದೆ ಬಂದಳು. ನೀಲವ್ವನ ಬಲಗೈ ಬದನೆಕಾಯಿಯ ಹಾಗೆ ಬಾತಿತ್ತು. ಅವಳು ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಹೆದರುತ್ತಲೇ ಎಡಗೈ ಚಾಚಿದಳು. ಗಂಗವ್ವ ಆ ಕೈಯನ್ನೇ ನೋಡುತ್ತಾ ನಿಂತಳು. ಅವಳ ಇನ್ನೊಂದು ಕೈಯಲ್ಲಿ ಸೌಟು ಇತ್ತು. ನೀಲವ್ವನ ಅವ್ವ, "ನೀಲಿ, ಕೈ..." ಎಂದು ಬಾಯಿ ತೆರೆದಳು.

"ನೀ ಸುಮ್ಮಿರವ್ವ" ಅಂದಳು ಗಂಗವ್ವ. ಎಡಗೈಯಲ್ಲಿ ಎರಡು ರೊಟ್ಟಿ ಇಟ್ಟು, ಬೆರಳುಗಳನ್ನು ಅದರ ಮೇಲೆ ಮಡಚಿದಳು.

ನೀಲವ್ವ ರೊಟ್ಟಿ ಮುರಿದು, ಒಗ್ಗರಣೆ ಹಾಕಿದ ಸಾರಿನಲ್ಲಿ ಅದ್ದಿ, ಬಾಯಿ ತುಂಬ ತುತ್ತು ಇಟ್ಟುಕೊಂಡೇ ನನ್ನ ಕಡೆ ತಿರುಗಿದಳು.

"ಅಕ್ಕಾರ, ಸ್ವಾಮಾರ ಪ್ರಾಕ್ಟೀಸು ಎಷ್ಟು ಗಂಟೇಕ್ರಿ?"